ಅಣ್ಣನ ಎರಡನೇ ನಡೆ

ನಮ್ಮಣ್ಣ ಮೌನೇಶ ಚದುರಂಗಕ್ಕೆ ಕೂತರೆ ಪ್ಯಾದೆಯನ್ನು ಮೂಗಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಭಾರಿ ಯೋಚನೆ ಮಾಡಿ, ಕೊನೆಗೆ ಸಾವಿರ ಸಲ ಆಡಿದ್ದನ್ನೇ ಆಡುತ್ತಿದ್ದ. ಮೊದಲು ರಾಜನ ಮುಂದಿನ ಪ್ಯಾದೆ ಎರಡು ಮನೆ. ಆಮೇಲೆ ಪಕ್ಕದ, ಒಂಟೆಯ ಮುಂದಿನ ಪ್ಯಾದೆ ಎರಡು ಮನೆ. ಅದನ್ನು ನಾನು ಪುಕ್ಕಟೆ ಹೊಡೆಯಬೇಕು. "ಕೊಟ್ಟು ಕೆಡವೋ ಆಟ ಇದು" ಎನ್ನುತ್ತಿದ್ದ.

ಸಿಂಧನೂರಿನ ಕಚೇರಿಯಿಂದ ಮಸ್ಕಿಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕರೆಯುತ್ತಿದ್ದ. ನಾನು ಹೊಲಿಗೆ ಯಂತ್ರ ಬಿಟ್ಟು ಏಳಬೇಕು. ಕರಿ ಕಾಯಿ ಯಾವತ್ತೂ ನನಗೇ. ಅವನ ಬಳಿ ನಡುವಿನ ಹಾಳೆ ಹರಿದ ಒಂದು ಪುಸ್ತಕವಿತ್ತು. ಬೇರೆ ಆಡಿದರೆ, "ಹಾಂಗ ಆಡಬ್ಯಾಡ ಬೇ, ಪುಸ್ತಕದಾಗ ಇಲ್ಲ" ಎಂದು ನನ್ನ ಕಾಯಿಯನ್ನೂ ತಾನೇ ಸರಿಸುತ್ತಿದ್ದ.

"ಎರಡೂ ಕಡಿ ನೀನಾ ಆಡಿದ್ರ ನಾ ಯಾಕ ಬೇಕೋ?"

"ಎದುರಿಗೆ ಮನಷಾ ಬೇಕಲ್ಲ!"

ಒಂದು ದಿನ ರೇಗಿ, ಅವನು ಒಂಟೆ ಹೊರತಂದ ಕೂಡಲೇ ನನ್ನ ವಜೀರನನ್ನು ಓರೆಯಲ್ಲಿ ಹಲಗೆಯ ಅಂಚಿಗೆ ಓಡಿಸಿ "ಶಹ" ಎಂದೆ. ಅವನ ರಾಜ ಜಾಗ ಬಿಡಬೇಕಾಯಿತು, ಇನ್ನು ಆನೆಯ ಮರೆಗೆ ಸರಿದು ಕೋಟೆ ಕಟ್ಟುವಂತಿಲ್ಲ. ಅಣ್ಣ ಕಾಯಿಗಳನ್ನೆಲ್ಲ ಕಲಸಿಬಿಟ್ಟ. "ನಾಲ್ಕನೇತ್ತಕ್ಕ ಸಾಲಿ ಬಿಟ್ಟಾಕಿ, ನನಗ ಕಲಿಸಾಕ ಬಂದಾಳ!"

ಲಿಂಗಸುಗೂರಿನ ಪಂದ್ಯ ಗೆಲ್ಲುವುದು ಅವನ ಹನ್ನೊಂದು ವರ್ಷದ ಆಸೆ. ಹೋದ ವರ್ಷ ಫೈನಲ್ ಮುಟ್ಟಿದ. ಬುತ್ತಿ ಹಿಡಿದು ನಾನೂ ಹೋಗಿದ್ದೆ. ಊಟದ ಹೊತ್ತಿಗೆ ನನ್ನನ್ನು ತೋರಿಸಿ, "ಈಕಿ ಮುಂದ ಕುಂತು ತಾಲೀಮು ಮಾಡ್ತೀನ್ರೀ. ಗೋಡಿ ಇದ್ದಾಂಗ, ಏನೂ ತಿಳಿಯಂಗಿಲ್ಲ" ಎಂದು ಎಲ್ಲರನ್ನೂ ನಗಿಸಿದ. ಅವನು ಕೈ ತೊಳೆಯಲು ಹೋದಾಗ ಫೈನಲ್‌ನ ಎದುರಾಳಿ, ಹಟ್ಟಿಯ ಗಣಿ ಕೆಲಸದವನು, ಸುಮ್ಮನೆ ಕೇಳಿದಂತೆ ಕೇಳಿದ: "ಅಕ್ಕಾರ, ನಿಮ್ಮಣ್ಣಾರು ಹೆಂಗ ಶುರು ಮಾಡ್ತಾರ್ರೀ?"

ಬುತ್ತಿ ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸಿ ಎಲ್ಲ ತೋರಿಸಿದೆ. ವಜೀರ ಎಲ್ಲಿಗೆ ಓಡಬೇಕೆಂಬುದನ್ನೂ.

ಬಿಳಿ ಕಾಯಿ ಅಣ್ಣನಿಗೇ ಬಂತು. ಮೂರನೇ ನಡೆಗೇ "ಶಹ" ಬಿತ್ತು. ಅಣ್ಣನ ಕಿವಿ ಕೆಂಪಾದವು. ಅರ್ಧ ಗಂಟೆಯಲ್ಲಿ ಸೋತ.

ಮಸ್ಕಿಯಲ್ಲಿ ಬಸ್ಸಿಳಿಯುವಾಗ ಅಣ್ಣ, "ಅವತ್ತು ನೀ ಆಡಿದ್ದು ಖರೇ ಇತ್ತು ಬೇ. ನಿನ್ನ ಮಾತು ಕೇಳಿದ್ದರ ಗೆಲ್ತಿದ್ದೆ. ನಾಳಿಂದ ನಿನ್ನ ಮನಸಿಗೆ ಬಂದಾಂಗ ಆಡು" ಎಂದ. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವನು ಚೀಲ ಇಸಿದುಕೊಂಡು ಮುಂದೆ ನಡೆದ.

ಮೂರು ತಿಂಗಳಿಗೆ ಎದೆನೋವಿನಲ್ಲಿ ಹೋಗಿಬಿಟ್ಟ. ಅಲ್ಲಿಯವರೆಗೂ ದಿನಾ ಆಡಿದೆವು. ಆ ವಜೀರನನ್ನು ನಾನು ಒಮ್ಮೆಯೂ ಅಂಚಿಗೆ ಓಡಿಸಲಿಲ್ಲ. ದಿನಾ ಬೇಕಂತಲೇ ಸೋತೆ.

"ನಿನ್ನ ತಲಿ ಎಲ್ಲಿ ಅದ ಬೇ? ಗೆಲ್ಲಾಕ ಬರ್ತದ, ಗೆಲ್ಲವಲ್ಲಿ" ಎಂದು ಸಾಯುವ ಹಿಂದಿನ ಸಂಜೆಯೂ ಬೈದಿದ್ದ.