ಜಿಪಾರಕ್ಕನ ಕೊಕ್ಕೆ

ಕಂಡವರ ಕಿವಿಗೆ ಕೈ ಹಾಕುವ ಚಟ ನನಗಿಲ್ಲ. ಆದರೂ ಅವತ್ತು ಕಾಲೀಚಾ ಅಜ್ಜಿಯ ಮನೆಯಲ್ಲಿ ಎಲ್ಲರೂ ಚಹಾಕ್ಕೆ ಕೂತಿದ್ದಾಗ, ಅದೂ ಹೆಂಡತಿ ಪಕ್ಕದಲ್ಲೇ ಇರುವಾಗ, ಅಜ್ಜಿಯ ಮೊಮ್ಮಗಳು ನುರೀಲಾಳ ಬಲಗಿವಿಗೆ ಓಲೆಯೊಂದನ್ನು ಸಿಕ್ಕಿಸಿಬಿಟ್ಟೆ. ಮರದ ಓಲೆ ಎಷ್ಟು ಹಗುರ ಎಂದು ತೋರಿಸುವುದಷ್ಟೇ ನನ್ನ ಉದ್ದೇಶ. ನಮ್ಮ ಕೊಚ್ಕೋರ್ ಹಳ್ಳಿಯಲ್ಲಿ ಮದುವೆಯಾಗದ ಹುಡುಗಿಗೆ ಬೇರೆ ಮನೆಯವರು ಓಲೆ ಹಾಕಿದರೆ ಸಂಬಂಧ ಗೊತ್ತಾದಂತೆ. ಹಾಕಬೇಕಾದವಳು ಗಂಡಿನ ತಾಯಿ, ಐವತ್ತು ದಾಟಿದ ಬೋಳುತಲೆಯ ನಾನಲ್ಲ.

"ನಿಂಗೆ ಗಂಡುಮಕ್ಕಳೇ ಇಲ್ವಲ್ಲೋ!" ಅಜ್ಜಿ ಕೂಗಿದಳು. "ಯಾರಿಗೋ ಇವಳು, ನಿಂಗಾ?"

ಹೆಂಡತಿ ಬಟ್ಟಲು ಕೆಳಗಿಟ್ಟಳು. "ತರ್ಲಿ ಬಿಡಿ ಅಜ್ಜಿ. ಕುರಿ ಮೇಯ್ಸೋಕೆ ನಂಗೂ ಒಂದು ಜನ ಬೇಕಿತ್ತು."

ಓಲೆ ಮಾಡಿದವಳು ಜಿಪಾರಕ್ಕ. ಕೊಟ್ಟಿಗೆಯ ಅರ್ಧ ಹಸುವಿಗೆ, ಇನ್ನರ್ಧ ಅವಳ ಕೆಲಸಕ್ಕೆ. ಆರ್ಚಾ ಮರದ ತುಂಡು ಕೆತ್ತಿ, ಹಳೇ ಚಮಚ ಕರಗಿಸಿದ ಬೆಳ್ಳಿ ಸುತ್ತಿ, ನಡುವೆ ಕೆಂಪು ಅಕೀಕಿನ ಕಲ್ಲು ಕೂರಿಸುತ್ತಾಳೆ. ಕಲ್ಲು ಸರಿಯಾಗಿ ಕೂರದಿದ್ದರೆ ಹಸುವಿಗೆ ಬೈಯುತ್ತಾಳೆ. ಕಿವಿ ನೋಡದೆ ಮಾತ್ರ ಕೊಕ್ಕೆ ಬಗ್ಗಿಸುವವಳಲ್ಲ. ಬಜಾರಿಗೆ ಹೋಗುವ ಓಲೆಗಳ ತಂತಿ ನೆಟ್ಟಗೇ ಇರುತ್ತದೆ. ಕೊಂಡವಳು ಬಂದು ಕಿವಿ ತೋರಿಸಿದ ಮೇಲೆ ಅದಕ್ಕೆ ತಕ್ಕ ಬಾಗು. ನನ್ನ ಮುಖವನ್ನೂ ಒಮ್ಮೆ ಹಾಗೇ ನೋಡಿ, "ನಿಂಗೆ ಕಿವಿಗಲ್ಲ ಕಣೋ, ಬಾಯಿಗೆ ಮಾಡ್ಬೇಕು ಕೊಕ್ಕೆ" ಅಂದಿದ್ದಳು.

ಅವಳಿಗೊಬ್ಬನೇ ಮಗ, ಎಲ್ದಿಯಾರ್. ಹಾಲಿನ ಗಾಡಿ ಓಡಿಸುತ್ತಾನೆ. ನುರೀಲಾಳ ಮನೆ ಮುಂದೆ ಬಂದಾಗ ಗೇರ್ ಯಾವುದು, ಬ್ರೇಕ್ ಯಾವುದು ಎಂಬುದೇ ಮರೆಯುತ್ತಾನೆ. ಜಿಪಾರಕ್ಕನಿಗೂ ಸೊಸೆಯಾದರೆ ಅವಳೇ ಆಗಬೇಕು. ಆದರೆ ಕಾಲೀಚಾ ಅಜ್ಜಿ ಬಂದ ಸಂಬಂಧಗಳಿಗೆಲ್ಲ ಚಹಾ ಕುಡಿಸಿ ವಾಪಸು ಕಳಿಸಿದವಳು.

"ಕೇಳಿ 'ಆಗಲ್ಲ' ಅನ್ನಿಸ್ಕೊಂಡ್ರೆ, ಆಮೇಲೆ ಹುಡ್ಗ ಆ ಬೀದೀಲಿ ಹಾಲು ಹೆಂಗೋ ಹಾಕ್ತಾನೆ?" ಎಂದು ಜಿಪಾರಕ್ಕ ನನ್ನ ಹತ್ತಿರ ಎಷ್ಟೋ ಸಲ ಹಲುಬಿದ್ದಳು.

ಅವತ್ತು ಬೆಳಿಗ್ಗೆ ಓಲೆಗಳನ್ನು ಬಟ್ಟೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟು, "ಬಜಾರಲ್ಲಿ ಕೊಟ್ಬಿಡು. ಅಜ್ಜಿ ಮನೆಗೆ ಚಹಾಕ್ಕೆ ಹೋಗ್ತೀಯಲ್ಲ, ಅಲ್ಲಿ ಮಾತ್ರ ಬಿಚ್ಬೇಡಪ್ಪಾ" ಅಂದಳು. ನಾನು ಎರಡನೇ ಬಟ್ಟಲಿನವರೆಗೆ ತಡೆದುಕೊಂಡಿದ್ದೆ.

ಅಜ್ಜಿ ಓಲೆ ಕಿತ್ತೆಸೆಯಲು ಕೈ ಚಾಚಿದವಳು ಅಲ್ಲೇ ನಿಂತಳು. ನುರೀಲಾ ಚಿಕ್ಕವಳಿದ್ದಾಗ ಕುದುರೆಯಿಂದ ಬಿದ್ದು ಬಲಗಿವಿಯ ಹಾಲೆ ಹರಿದಿತ್ತು. ಅಲ್ಲಿಗೆ ಯಾವ ಓಲೆ ಹಾಕಿದರೂ ಕುಡುಕನ ಟೋಪಿಯಂತೆ ಒಂದು ಕಡೆಗೆ ವಾಲುತ್ತಿತ್ತು. ಇದು ನೆಟ್ಟಗೆ ನಿಂತಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಸೊಟ್ಟಪಟ್ಟ ಬಾಗಿದ ಕೊಕ್ಕೆಯನ್ನು ನೋಡಿಯೇ ನೋಡಿದಳು.

"ಇದನ್ನ ಈ ಕಿವಿಗೇ ಬಗ್ಗಿಸಿರೋದು. ಆ ಜಿಪಾರ್ ನಮ್ಮ ಹುಡ್ಗಿ ಮೇಲೆ ಯಾವಾಗಿಂದ ಕಣ್ಣಿಟ್ಟಿದ್ದಾಳೆ!"

ನುರೀಲಾ ಓಲೆಯನ್ನು ಮುಟ್ಟಿ ನೋಡಿಕೊಂಡಳು. ತೆಗೆಯುತ್ತಾಳೆ ಅಂದುಕೊಂಡೆ. ನನ್ನ ಮುಂದೆ ಅಂಗೈ ಚಾಚಿದಳು.

"ಇನ್ನೊಂದೆಲ್ಲಿ?"

ಅಜ್ಜಿ ಅವಳ ಅಂಗೈಗೆ ಮೆಲ್ಲಗೆ ಹೊಡೆದಳು. ಆಮೇಲೆ ತಟ್ಟೆಯಲ್ಲಿದ್ದ ಮಿಠಾಯಿಯನ್ನೆಲ್ಲ ಶುಭಕ್ಕೆಂದು ನನ್ನ ಬೋಳುತಲೆಯ ಮೇಲೆ ಎರಚಿ, "ಇನ್ನೊಂದ್ನ ಹಾಕೋಕೆ ಹುಡ್ಗನ ತಾಯಿನೇ ಬೇಕು. ಓಡೋ, ಕರ್ಕೊಂಡ್ ಬಾ!" ಅಂದಳು.

ಓಡಿದೆ. ಜಿಪಾರಕ್ಕ ಹಬ್ಬದ ಶಾಲು ಹೊದ್ದು, ಬೂಟು ಹಾಕಿಕೊಂಡು, ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದಳು. ನಾನು ಏದುಸಿರು ಬಿಡುತ್ತಾ ನಡೆದದ್ದನ್ನೆಲ್ಲ ಹೇಳಿದೆ. ಎದ್ದು ಹೊರಟಳು. ಅರ್ಧ ದಾರಿ ನಡೆದ ಮೇಲೆ ನನಗೆ ಸಂಶಯ ಬಂತು.

"ಅಕ್ಕಾ, ಬೆಳಿಗ್ಗೆ ಪೊಟ್ಟಣ ಅದಲುಬದಲಾಗಿತ್ತಾ?"

"ಬಜಾರಿಗೆ ಹೋಗೋದಾಗಿದ್ರೆ ನಿನ್ನ ಹೆಂಡ್ತಿ ಕೈಲಿ ಕೊಡ್ತಿದ್ದೆ."