ಗಡಿ ದಾಟಿದ ಮಡಿಲಕ್ಕಿ

ಇದನ್ನು ನೀವು ನಂಬುವುದಿಲ್ಲ ಎಂದು ನನಗೆ ಗೊತ್ತು. ನಂಬಬೇಡಿ, ನನಗೇನೂ ನಷ್ಟವಿಲ್ಲ. ಮದ್ರಾಸಿಗೂ ಮೈಸೂರಿಗೂ ನಡುವೆ ಇದ್ದ ಗಡಿಯನ್ನು, ದೊಡ್ಡ ದೊಡ್ಡವರು ಕೂತು ಅಳಿಸುವುದಕ್ಕೆ ಎಷ್ಟೋ ಮೊದಲು, ಕೊಳ್ಳೇಗಾಲದ ಒಬ್ಬ ರೇಷ್ಮೆಗೂಡಿನ ವ್ಯಾಪಾರಿ ಒಂದು ಹಳೇ ಪೇಪರು ಹಿಡಿದು ಒಂದು ಮಧ್ಯಾಹ್ನದ ಮಟ್ಟಿಗೆ ಅಳಿಸಿಹಾಕಿದ್ದ. ಆ ವ್ಯಾಪಾರಿ ನಾನೇ. ನಗುವವರು ನಗಬಹುದು. ಆವತ್ತು ಅಲ್ಲಿದ್ದ ವಯಸ್ಸಿಗೆ ಬಂದವರ ಪೈಕಿ ಈಗ ಉಳಿದಿರುವವನು ನಾನೊಬ್ಬನೇ, ಆದ್ದರಿಂದ ನಾನು ಬರೆದದ್ದೇ ಚರಿತ್ರೆ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆಗ ಕೊಳ್ಳೇಗಾಲ, ಹನೂರು, ಸತ್ತೇಗಾಲ, ಅತ್ತ ಮಾದಪ್ಪನ ಬೆಟ್ಟದವರೆಗೆ ನಾವೆಲ್ಲ ಕೊಯಮತ್ತೂರು ಜಿಲ್ಲೆಯವರು, ಮದ್ರಾಸು ಸರ್ಕಾರದ ಪ್ರಜೆಗಳು. ಬೆಳಿಗ್ಗೆ ಗಾಡಿ ಕಟ್ಟಿದರೆ ಮಧ್ಯಾಹ್ನದ ಊಟಕ್ಕೆ ತಲುಪುವ ಯಳಂದೂರು ಮಾತ್ರ ಮೈಸೂರು. ಮಾತು ಒಂದೇ, ಮುದ್ದೆ ಒಂದೇ, ನೆಂಟಸ್ತನವೂ ಒಂದೇ. ಸರ್ಕಾರ ಮಾತ್ರ ಎರಡು. ನಮ್ಮ ಕಡೆ ಕುಡಿಯುವಂತಿಲ್ಲ, ಅವರ ಕಡೆಯಿಂದ ಅಕ್ಕಿ ಹೊರಗೆ ಸಾಗಿಸುವಂತಿಲ್ಲ. ಹಾಗಾಗಿ ದಾರಿಯ ನಡುವಿನ ಗೇಟಿನಲ್ಲಿ ಅವರ ಪೇದೆ ನಮ್ಮ ಗಂಟು ತಡಕುತ್ತಿದ್ದ, ನಮ್ಮ ಪೇದೆ ನಮ್ಮ ಬಾಯಿ ಮೂಸುತ್ತಿದ್ದ.

ನನ್ನ ಹೆಂಡತಿಯ ತವರು ಯಳಂದೂರು. ಮಾವ ಜಮೀನುದಾರರು, ಗಟ್ಟಿ ಆಳು. ಅವರಿಗೆ ಎರಡು ಹೆಮ್ಮೆ: ಒಂದು ಹೊಳೆದಂಡೆಯ ಗದ್ದೆ, ಇನ್ನೊಂದು ಮೂಗಿನ ಕೆಳಗಿನ ಮೀಸೆ. ಬಂದವರು ಮೊದಲು ಮೀಸೆಗೆ ನಮಸ್ಕಾರ ಮಾಡಿ ಆಮೇಲೆ ಅವರಿಗೆ ಮಾಡುತ್ತಿದ್ದರು ಎಂದರೆ ಉತ್ಪ್ರೇಕ್ಷೆಯಲ್ಲ.

ಇನ್ನು ನನ್ನ ಹೆಮ್ಮೆ. ನಮ್ಮ ಬೀದಿಗೆ ಬರುತ್ತಿದ್ದದ್ದು ಒಂದೇ ಪೇಪರು, ಅದೂ ಒಂದು ದಿನ ಹಳೆಯದಾಗಿ, ಬಸ್ಸಿನಲ್ಲಿ. ಸಂಜೆ ಜಗುಲಿಯ ಮೇಲೆ ಕೂತು ನಾನು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಮಗ್ಗದವರು, ಗೂಡಿನವರು, ಸಂತೆಗೆ ಬಂದವರು ಎಲ್ಲ ಕೇಳುತ್ತಿದ್ದರು. ಪೇಪರಿನವರು ಬರೆಯುವುದು ಬಹಳ ಸಪ್ಪೆ. ಅದಕ್ಕೆ ನಾನು ವಸಿ ಒಗ್ಗರಣೆ ಹಾಕುತ್ತಿದ್ದೆ. ಯಾವುದು ಪೇಪರಿನದು, ಯಾವುದು ನನ್ನದು ಎಂದು ಕಂಡುಹಿಡಿದವರು ಇಡೀ ಕೊಳ್ಳೇಗಾಲದಲ್ಲಿ ಇಬ್ಬರೇ: ನನ್ನ ಹೆಂಡತಿ ಮತ್ತು ನನ್ನ ಪುಟ್ಟ ಮಗಳು. ಸುಳ್ಳು ಓದುವಾಗ ನನ್ನ ಎಡಗಾಲು ಅಲ್ಲಾಡುತ್ತದಂತೆ. ಮಗಳು ಜಗುಲಿಯ ಕೆಳಗೆ ಕೂತು ನನ್ನ ಕಾಲನ್ನೇ ನೋಡುತ್ತಿದ್ದಳು.

ಮಗಳು ಇನ್ನೂ ತೊಟ್ಟಿಲಲ್ಲಿದ್ದ ವರ್ಷ ಗೌರಿಹಬ್ಬಕ್ಕೆ ಯಳಂದೂರಿಗೆ ಹೋಗಿದ್ದಾಗ, ಮಾವನ ಮನೆಯ ಪಡಸಾಲೆಯಲ್ಲೂ ಪೇಪರು ಓದಿದೆ. ಮೀಸೆ ಇರುವ ಗಂಡಸರಿಗೆ ಇನ್ನು ಮುಂದೆ ಸೀಮೆಎಣ್ಣೆ ಅರ್ಧ ಮಾತ್ರ ಎಂದು ಸರ್ಕಾರದ ಹುಕುಂ ಆಗಿದೆ ಎಂದು ಓದಿದೆ. ಯಾಕೆ ಎಂದು ಮಾವ ಕೇಳಿದರು. ಸರ್ಕಾರ ಯಾವತ್ತು ಯಾಕೆ ಅಂತ ಹೇಳಿದೆ ಮಾವ ಎಂದೆ. ಕಂಟ್ರೋಲಿನ ಕಾಲದ ಕಾನೂನುಗಳೆಲ್ಲ ಹೆಚ್ಚುಕಡಿಮೆ ಹಾಗೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮಾರನೆಯ ದಿನ ನಾವು ಊರಿಗೆ ಬಂದೆವು. ಆ ವಾರ ಮಾವ ಕೆಲಸಿಯನ್ನು ಕರೆಸಿ ಮೀಸೆ ತೆಗೆಸಿ, ಸೀಮೆಎಣ್ಣೆ ಡಿಪೋ ಮುಂದೆ ಸಾಲಿನಲ್ಲಿ ನಿಂತು, "ನೋಡ್ಕ ಸ್ವಾಮಿ, ಬೋಳುಸ್ಕಂಡೇ ಬಂದಿವ್ನಿ, ಪೂರ್ತಿ ಆಕು" ಎಂದರಂತೆ.

ಇಡೀ ಸಾಲು ನಕ್ಕಿತು. ಸಂತೆ ನಕ್ಕಿತು. ಆ ನಗು ಗೇಟು ದಾಟಿ ನಮ್ಮೂರಿಗೂ ಬಂತು; ನಗುವಿಗೆ ಕಂಟ್ರೋಲು ಇರಲಿಲ್ಲ.

ಮುಂದಿನ ಗೌರಿಗೆ ತವರಿನಿಂದ ಕರೆಯಲು ಯಾರೂ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಮ್ಮಲ್ಲಿ ಹೆಣ್ಣುಮಗಳು ಕರೆಯದೆ ತವರಿಗೆ ಹೋಗುವುದಿಲ್ಲ. ಹಬ್ಬದ ಬೆಳಿಗ್ಗೆ ಅಕ್ಕಪಕ್ಕದ ಮನೆಗಳ ಮುಂದೆ ಅಣ್ಣನ ಗಾಡಿ, ಅಪ್ಪನ ಗಾಡಿ ನಿಲ್ಲುತ್ತಿತ್ತು. ನನ್ನವಳು ಬಾಗಿನದ ಮೊರಗಳನ್ನು ಒರೆಸಿ ಒರೆಸಿ ಮತ್ತೆ ಅಟ್ಟಕ್ಕೆ ಇಡುತ್ತಿದ್ದಳು. ನನ್ನನ್ನು ಒಂದು ಮಾತು ಬೈದಿದ್ದರೆ ನಾನು ಏನಾದರೂ ತಮಾಷೆ ಮಾಡಿ ನಗಿಸುತ್ತಿದ್ದೆ. ಅವಳು ಬೈಯಲಿಲ್ಲ.

ಮಗಳು ಚೆನ್ನಾಗಿ ಮಾತಾಡಲು ಕಲಿತ ಮೇಲೆ, ಒಂದು ವರ್ಷ ಹಬ್ಬಕ್ಕೆ ಮುಂಚೆ ಕಮಾನು ಗಾಡಿ ಬಂದು ನಿಂತಿತು. ಮಾವನೇ ಹೊಡೆದುಕೊಂಡು ಬಂದಿದ್ದರು. ಮೀಸೆ ಮೊದಲಿಗಿಂತ ದಪ್ಪವಾಗಿ ಬೆಳೆದಿತ್ತು. ನನ್ನ ಕಡೆ ನೋಡದೆ ಮೊಮ್ಮಗಳನ್ನು ಎತ್ತಿಕೊಂಡು, "ಮಗ, ನಿಮ್ಮಪ್ಪುಂಗೆ ಏಳು, ಗಾಡಿ ಬಂದದೆ, ಒರಡ್ಲಿ ಅಂತ" ಎಂದರು. ನಾನು ಎದುರಿಗೇ ನಿಂತಿದ್ದೆ.

"ಅಪ್ಪಾ, ಗಾಡಿ ಬಂದದಂತೆ."

"ತಾತುಂಗೆ ಏಳು ಮಗ, ಅಪ್ಪುಂಗೆ ಕಣ್ಣು ಕಾಣ್ತದೆ ಅಂತ."

"ನಿಮ್ಮಪ್ಪುಂಗೆ ಏಳು, ಕಣ್ಣಿದ್ರೆ ಸಾಲ್ದು, ಬಾಯ್ಗೆ ಬೀಗ ಇರ್ಬೇಕು ಅಂತ."

ಯಳಂದೂರಿನಲ್ಲಿ ಇದ್ದಷ್ಟು ದಿನವೂ ಹೀಗೇ. ಮಗು ಪಾಪ, ಅಂಚೆಯವನ ಹಾಗೆ ಪಡಸಾಲೆಯ ಆ ಕಡೆಯಿಂದ ಈ ಕಡೆಗೆ ಓಡಾಡಿ ಸುಸ್ತಾಯಿತು. ನಾನು ಪೇಪರನ್ನು ಕಂಕುಳಿನಿಂದ ಹೊರಗೆ ತೆಗೆಯಲಿಲ್ಲ. ಇದಕ್ಕಿಂತ ದೊಡ್ಡ ತಪಸ್ಸನ್ನು ನಾನು ಜೀವನದಲ್ಲಿ ಮಾಡಿಲ್ಲ.

ಹೊರಡುವ ದಿನ ಬೆಳಿಗ್ಗೆ ಅತ್ತೆ ತಮ್ಮ ಮಗಳಿಗೆ ಮಡಿಲು ತುಂಬಿದರು. ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನದ ಕೊಂಬು, ಎಲೆ ಅಡಿಕೆ. ಅದನ್ನು ಸೆರಗಿನಲ್ಲಿ ಮಡಿಲಿಗೆ ಗಂಟು ಹಾಕಿಕೊಂಡು ಹೆಣ್ಣುಮಗಳು ಗಂಡನ ಮನೆ ಸೇರಬೇಕು. ಅಲ್ಲಿಯೇ ಬಿಚ್ಚಿ, ಅಲ್ಲಿಯೇ ಅನ್ನ ಮಾಡಿ ಎಲ್ಲರೂ ಉಣ್ಣಬೇಕು. ದಾರಿಯಲ್ಲಿ ಬಿಚ್ಚುವಂತಿಲ್ಲ. ಅತ್ತೆ ತಪ್ಪಿಹೋದ ಗೌರಿಗಳದ್ದನ್ನೆಲ್ಲ ಸೇರಿಸಿ ತುಂಬಿದರೋ ಏನೋ, ನನ್ನವಳು ಎದ್ದು ನಿಲ್ಲುವುದಕ್ಕೇ ಒಬ್ಬರು ಕೈ ಕೊಡಬೇಕಾಯಿತು.

ಮಾವ ಎತ್ತು ಕಟ್ಟುತ್ತಾ ಮೊಮ್ಮಗಳಿಗೆ ಹೇಳಿದರು: "ನಿಮ್ಮಪ್ಪುಂಗೆ ಏಳು ಮಗ. ಈ ಗಂಟು ಬಿಚ್ದಂಗೆ ನಿಮ್ಮನೆ ಸೇರ್ಬೇಕು. ದಾರೀಲಿ ಏನಾರ ಕುಚೇಷ್ಟೆ ಮಾಡಿ ಅದು ಬಿಚ್ಕತು ಅಂದ್ರೆ, ಇನ್ನು ಈ ಮನೆಯಿಂದ ಕರಿಯಾಕೆ ಯಾರೂ ಬರಲ್ಲ."

ಮಗು ಈ ಸಲ ಹೇಳಲಿಲ್ಲ. ತನ್ನ ಅವ್ವನ ಮುಖ ನೋಡಿತು. ನನ್ನವಳು ಎರಡೂ ಕೈಯಿಂದ ಮಡಿಲನ್ನು ಹಿಡಿದುಕೊಂಡಿದ್ದಳು.

ದಾರಿಯುದ್ದಕ್ಕೂ ನಾನು ಪೇಪರನ್ನು ಕಂಕುಳಲ್ಲೇ ಒತ್ತಿಹಿಡಿದಿದ್ದೆ. ಮಳೆ ಬಂದು ನಿಂತಿತ್ತು, ಚಕ್ರ ಕೆಸರಿನಲ್ಲಿ ಚಪ್ಪಳಿಸುತ್ತಿತ್ತು. ಎರಡು ಕಡೆ ಗದ್ದೆ ಹಸಿರಾಗಿತ್ತು. ಗೇಟು ಬಂತು. ಗೇಟು ಎಂದರೆ ಒಂದು ಬೊಂಬು, ಅದರ ಒಂದು ತುದಿಗೆ ಕಲ್ಲು, ಪಕ್ಕದಲ್ಲಿ ಒಂದು ಗುಡಿಸಲು. ಮೈಸೂರು ಕಡೆಯ ದಫೇದಾರ ಎದ್ದು ಬಂದು ಗಾಡಿಯೊಳಗೆ ಬಗ್ಗಿ ನೋಡಿದ.

"ಮಡ್ಲಲ್ಲಿ ಏನಮ್ಮ?"

"ಮಡ್ಲಕ್ಕಿ ಸಾ" ಎಂದರು ಮಾವ.

"ದಿನಾ ಅದೇ ಕೇಳ್ತೀನಿ ಯಜಮಾನ್ರೆ. ಗೌರಿಹಬ್ಬ ಬಂದ್ರೆ ಸಾಕು, ಅಕ್ಕಿ ಮೂಟೆ ಎಲ್ಲ ಮಡ್ಲಕ್ಕಿ ಆಗೋಯ್ತದೆ. ಮೊನ್ನೆ ಒಬ್ಬ ಗಂಡಸು ಸೊಂಟುಕ್ಕೆ ಕಟ್ಕಂಡಿದ್ದ. ಏನ್ಲಾ ಅಂದ್ರೆ, ನಂಗೂ ಮಡ್ಲು ತುಂಬವ್ರೆ ಅಂದ."

"ನಾವು ಅಂತೋರಲ್ಲ."

"ಇರ್ಬೋದು. ಆದ್ರೆ ಇದು ಮಡ್ಲಕ್ಕಿ ಅಳತೇಲಿ ಇಲ್ಲ. ಬಿಚ್ಚಿ ತೋರ್ಸಿ. ಎಚ್ಚಾಗಿರೋದ್ನ ಇಲ್ಲೇ ಬುಟ್ಟು ಓಗಿ."

ಮಾವನ ಮುಖ ಕಪ್ಪಿಟ್ಟಿತು. ನನ್ನವಳು ಗಾಡಿಯಿಂದ ಇಳಿದಳು, ನಿಧಾನವಾಗಿ, ಮಡಿಲು ಹಿಡಿದುಕೊಂಡೇ.

"ಬಿಚ್ಚಲ್ಲ ಕಣಣ್ಣ" ಎಂದಳು. "ಬೇಕಾದ್ರೆ ಇಂಗೇ ನಡ್ಕಂಡು ಯಳಂದೂರ್ಗೆ ವಾಪಸ್ ಓಯ್ತೀನಿ. ಎಷ್ಟೋ ದಿನುಕ್ಕೆ ತುಂಬವ್ರೆ. ದಾರೀಲಿ ಬಿಚ್ಚಲ್ಲ."

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಬಹುಶಃ ಸುಮ್ಮನಿರುತ್ತಿದ್ದೆ. ಕಂಕುಳಿನಿಂದ ಪೇಪರು ತೆಗೆದೆ.

"ಸಾ, ತಾವು ಪೇಪರ್ ನೋಡ್ಲಿಲ್ವಾ?" ಎಂದೆ. ಬಿಚ್ಚಿ ಹಿಡಿದು, ಜಗುಲಿಯ ಮೇಲಿನ ದನಿಯಲ್ಲಿ ಓದಿದೆ: "ಕೊಳ್ಳೇಗಾಲ ಸೀಮೆಯನ್ನು ಈ ದಿವಸದಿಂದಲೇ ಮೈಸೂರಿಗೆ ಸೇರಿಸಲಾಗಿರುವುದರಿಂದ ನಡುವಣ ಗೇಟುಗಳನ್ನು ತೆಗೆಯತಕ್ಕದ್ದು. ಅಕ್ಕಿಯ ತಪಾಸಣೆ ನಿಲ್ಲಿಸತಕ್ಕದ್ದು. ಗೇಟಿನ ಬೊಂಬನ್ನು ಆಯಾ ದಫೇದಾರರು ಸ್ವಂತ ಉಪಯೋಗಕ್ಕೆ ಮನೆಗೆ ಕೊಂಡೊಯ್ಯತಕ್ಕದ್ದು."

ಕೊನೆಯ ವಾಕ್ಯ ಬೇಡವಾಗಿತ್ತು. ಆದರೆ ಕೈಗೆ ಒಗ್ಗರಣೆ ಸೌಟು ಬಂದರೆ ನಿಲ್ಲಿಸುವುದು ಕಷ್ಟ.

ಗಾಡಿಯೊಳಗಿಂದ ಮಗು ಸ್ಪಷ್ಟವಾಗಿ ಹೇಳಿತು: "ತಾತ, ಅಪ್ಪುನ್ ಕಾಲು ಅಲ್ಲಾಡ್ತಾ ಅದೆ."

ದಫೇದಾರ ಕೈಚಾಚಿ ಪೇಪರು ಇಸಿದುಕೊಂಡ. ಆರಾಮವಾಗಿ ಓದಿದ. "ಇಲ್ಲಿ ತಲೆಕೂದ್ಲು ಮೊಣಕಾಲ್ಗಂಟ ಬೆಳೆಯೋ ತೈಲದ ಜಾಹೀರಾತು ಅದೆ ಕಣಯ್ಯ" ಎಂದ. ಆಮೇಲೆ ನನ್ನನ್ನು ನೋಡಿದ, ಮಾವನನ್ನು ನೋಡಿದ, ಮಾವನ ಮೀಸೆಯನ್ನು ನೋಡಿದ. "ತಡೀರಿ. ಪೇಪರ್ ಓದೋ ಅಳಿಯ. ಸೀಮೆಎಣ್ಣೆ ಡಿಪೋ. ಮೀಸೆ ತೆಗ್ಸಿದ ಯಜಮಾನ್ರು ಅಂದ್ರೆ ನೀವೇನಾ?"

ಗುಡಿಸಲಿನ ಹತ್ತಿರ ಕೂತಿದ್ದ ಇನ್ನಿಬ್ಬರು ಇತ್ತ ತಿರುಗಿದರು. ಮಾವ ಒಂದು ಮಾತು ಅಲ್ಲ ಎಂದಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು. ಆ ವಿಷಯ ಎತ್ತಿದವರ ಮನೆ ಮುಂದೆ ಅವರು ಗಾಡಿ ಸಹ ಓಡಿಸುತ್ತಿರಲಿಲ್ಲ. ಈಗ ಅವರು ಹಗ್ಗವನ್ನು ನೊಗಕ್ಕೆ ಸುತ್ತಿ ಕೆಳಗೆ ಇಳಿದರು.

"ಊಂ, ನಾನೇ" ಎಂದರು. "ಡಿಪೋ ಮುಂದೆ ಬೋಳು ಮುಖ ಒತ್ಕಂಡು ನಿಂತಿದ್ದೋನು ನಾನೇ. ಇವ್ನೇ ಆ ಅಳಿಯ. ಇವ್ನು ಬಾಯಿ ಬುಟ್ರೆ ಬರಿ ಸುಳ್ಳು. ಆದ್ರೆ ನನ್ ಮಗಳ ಮಡ್ಲಲ್ಲಿರೋದು ಸುಳ್ಳಲ್ಲ ಸಾ. ಇವ್ನ ಮೇಲಿನ ಕ್ವಾಪುಕ್ಕೆ ಮಗಳ್ನ ಎಷ್ಟೋ ಗೌರಿಗೆ ನಾನು ಕರೀನೇ ಇಲ್ಲ. ಅದ್ಕೇ ಅವ್ರವ್ವ ಅಷ್ಟು ತುಂಬವ್ಳೆ."

ಯಾರೂ ನಗಲಿಲ್ಲ. ಅಕ್ಕಿ ಕದ್ದು ಸಾಗಿಸುವವನು ಆ ಮಾತನ್ನು, ಅದೂ ಅಷ್ಟು ಜನರ ಮುಂದೆ, ತಾನಾಗಿ ಆಡುವುದಿಲ್ಲ ಎಂದು ದಫೇದಾರನಿಗೆ ಅನಿಸಿರಬೇಕು. ಪೇಪರನ್ನು ಮಡಿಚಿ ನನ್ನ ಕೈಗೆ ಕೊಟ್ಟ. ಕಲ್ಲಿನ ಕಡೆಯ ತುದಿಯನ್ನು ತಾನೇ ಒತ್ತಿದ. ಬೊಂಬು ಮೇಲೆದ್ದಿತು.

"ಓಗಮ್ಮ" ಎಂದ. "ಜ್ವಾಪಾನ, ಗಂಟು ಸಡ್ಲ ಆಯ್ತಾ ಅದೆ. ಅಯ್ಯಾ ಪೇಪರ್ನೋನೆ, ಆ ಸುದ್ದಿ ದಿಟವಾಗ್ಲೂ ಬಂದ್ರೆ ಬಂದು ಏಳು. ಈ ಬೊಂಬಲ್ಲಿ ನಮ್ಮನೆ ಚಪ್ರ ಆಯ್ತದೆ."

ನಮ್ಮ ಕಡೆಯ ಪೇದೆ ಮಾವನ ಬಾಯಿ ಮೂಸಲು ಬಂದವನು, ಮೀಸೆ ನೋಡಿ ಹಿಂದೆ ಸರಿದ.

ಒಂದಷ್ಟು ದೂರ ಹೋದ ಮೇಲೆ ಮಾವ ಹಿಂದೆ ತಿರುಗದೆ, "ಅಳ್ಮಯ್ಯ" ಎಂದರು. ಮಗು ಹೇಳುವುದಕ್ಕೆ ಬಾಯಿ ತೆರೆಯಿತು. ಅಂಚೆಯವನಿಗೆ ಕೆಲಸ ಹೋಗಿತ್ತು. "ಆ ಬೊಂಬಿನ್ ಮಾತು ಬೇಕಾಗಿತ್ತೇನ್ಲಾ?"

"ಬೇಡ್ವಾಗಿತ್ತು ಮಾವ."

"ಬೊಂಬು ಮನೆಗೆ ತಕಂಡೋಗೋದಂತೆ" ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ಬೆನ್ನು ಅಲುಗುತ್ತಿದ್ದುದರಿಂದ ನಗುತ್ತಿದ್ದರು ಎಂದು ಗೊತ್ತಾಯಿತು.

ಮನೆಯಲ್ಲಿ ನನ್ನವಳು ದೇವರ ದೀಪದ ಮುಂದೆ ಕೂತು ಗಂಟು ಬಿಚ್ಚಿದಳು. ಅಕ್ಕಿ ಮೊರದ ತುಂಬ ಹರಡಿತು. ಅದರಲ್ಲೇ ಅನ್ನ ಮಾಡಿದಳು. ಮದುವೆಯಾದ ಮೇಲೆ ಮಾವ ನಮ್ಮ ಮನೆಯಲ್ಲಿ ಕೂತು ಉಂಡದ್ದು ಅದೇ ಮೊದಲು. ಬಡಿಸುವಾಗ ಅವಳು ನನ್ನ ಎಲೆಯ ಮುಂದೆ ನಿಂತು, "ನಿಮ್ಮಂತ ಬುದ್ಧಿವಂತ ಗಂಡ ಈ ಎಲ್ಡು ಸರ್ಕಾರದಲ್ಲೂ ಇಲ್ಲ" ಎಂದಳು.

ಊಟ ಆದ ಮೇಲೆ ಮಾವ ಜಗುಲಿಗೆ ಬಂದು ಎಲೆ ಹಾಕಿಕೊಳ್ಳುತ್ತಾ ಕೇಳಿದರು. "ಆ ಗಡಿ ಗೆರೆ ದಿಟವಾಗ್ಲೂ ಓಯ್ತದೇನ್ಲಾ?"

ಪೇಪರು ಬಿಚ್ಚಿ, ತೈಲದ ಜಾಹೀರಾತು ಬಿಟ್ಟು, ಅದರ ಪಕ್ಕದಲ್ಲಿದ್ದುದನ್ನು ಇದ್ದ ಹಾಗೆ ಓದಿದೆ. ಒಂದೇ ಮಾತಿನವರನ್ನು ಒಂದೇ ಕಡೆ ಸೇರಿಸಬೇಕೆಂದು ಜನ ಕೇಳುತ್ತಿದ್ದಾರೆ, ಏನೂ ತೀರ್ಮಾನವಾಗಿಲ್ಲ, ಇಷ್ಟೇ ಇತ್ತು. ಮಗಳು ಬಗ್ಗಿ ನನ್ನ ಎಡಗಾಲು ನೋಡಿದಳು. ಅದು ಅಲ್ಲಾಡುತ್ತಿರಲಿಲ್ಲ.

"ಮಾದಪ್ಪನ ಬೆಟ್ಟದ ದಾರಿಯ ಮಾರ್ಟಳ್ಳಿ ಊರೋರ್ನ ಏನ್ ಮಾಡ್ತಾರೆ?" ಎಂದರು ಮಾವ. "ಅವ್ರು ತಮಿಳಲ್ಲಿ ಬೈತಾರೆ, ಕನ್ನಡದಲ್ಲಿ ಚೌಕಾಸಿ ಮಾಡ್ತಾರೆ."

"ಅವ್ರು ಬೈಯೋದು ನಮ್ಗೆ ಅರ್ಥ ಆಯ್ತದೆ ಮಾವ, ನಮ್ಮ ಚೌಕಾಸಿ ಅವ್ರಿಗೆ ಅರ್ಥ ಆಯ್ತದೆ. ಸರ್ಕಾರ ಬಂದು ಕಲಿಸೋದು ಏನದೆ."

ಅವರು ಎಲೆಯ ರಸವನ್ನು ಬೀದಿಗೆ ಉಗಿದರು. "ಗೆರೆ ಓಗ್ಲಿ, ಬುಡ್ಲಿ. ಬರೋ ಗೌರಿಗೆ ಗಾಡಿ ತತ್ತೀನಿ. ದಫೇದಾರ ಈಗ ನಮ್ಮೋನೇ."

ಅವರು ಹೇಳಿದ ಹಾಗೇ ತಂದರು, ಅದರ ಮುಂದಿನ ವರ್ಷವೂ ತಂದರು.

ಇಷ್ಟು ಹೇಳಿದ್ದರಲ್ಲಿ ನಾನು ಒಗ್ಗರಣೆ ಹಾಕಿದ್ದು ಒಂದೇ ಒಂದು. ಮೀಸೆಯಲ್ಲ, ಗೇಟಲ್ಲ, ಬೊಂಬಿನ ಮಾತೂ ಅಲ್ಲ; ಅವೆಲ್ಲ ನಡೆದದ್ದೇ. ನನ್ನ ಹೆಂಡತಿ ಬಡಿಸುವಾಗ ನನ್ನನ್ನು ಹೊಗಳಲಿಲ್ಲ. ಅವಳು ಮೊದಲ ಸೌಟಿನ ಅನ್ನವನ್ನು ಅವರಪ್ಪನ ಎಲೆಗೆ ಬಡಿಸಿ, ಎರಡನೆಯದನ್ನು ನನ್ನ ಎಲೆಗೆ ಬಡಿಸಿ, "ಆ ಪೇಪರ್ ಎಲ್ಲಿ, ಓದಿ ಆದ್ಮೇಲೆ ಇತ್ಲಾಗೆ ಕೊಡಿ" ಎಂದಳು, ಅಷ್ಟೆ. ಮಾವ ಮಲಗಿದ ಮೇಲೆ ಅದನ್ನು ಮಡಿಚಿ ಅಕ್ಕಿ ಡಬ್ಬದ ತಳಕ್ಕೆ ಹಾಸಿ, ಉಳಿದ ಮಡಿಲಕ್ಕಿಯನ್ನು ಅದರ ಮೇಲೆ ಸುರಿದಳು.