ವಾಚ್ ರಿಪೇರಿಯವನ ಪಿಕಪ್

ಮೂವತ್ತು ವರ್ಷ ವಾಚ್ ರಿಪೇರಿ ಮಾಡಿದ ಮನುಷ್ಯನಿಗೆ ಪಿಕಪ್ ಗಾಡಿ ಯಾಕೆ ಬೇಕಿತ್ತು, ನೀವೇ ಹೇಳಿ. ಅವನ ಅಂಗಡಿಯ ಸಾಮಾನೆಲ್ಲ ಗುಡ್ಡೆ ಹಾಕಿದರೂ ಒಂದು ಊಟದ ಡಬ್ಬಿ ತುಂಬುವುದಿಲ್ಲ. ಒಂದು ಚಿಮಟ, ಸೂಜಿಗಿಂತ ತುಸು ದಪ್ಪದ ನಾಲ್ಕು ಸ್ಕ್ರೂಡ್ರೈವರ್, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ! ಸಣಕಲು ಮೈ, ಒಂದು ಕಡೆ ನಿಲ್ಲದ ಕಾಲು ಎಂದು ಪೇಟೆಯವರು ಅವನನ್ನು ‘ಸೆಕೆಂಡ್ ಮುಳ್ಳು’ ಎನ್ನುತ್ತಿದ್ದರು. ಆ ಮುಳ್ಳು ಹೋಗಿ ಅಷ್ಟೆತ್ತರದ ಗಾಡಿಯಲ್ಲಿ ಕೂತರೆ ಸ್ಟೀರಿಂಗ್ ಮೇಲೆ ಬರೀ ಹಣೆ ಕಾಣುತ್ತಿತ್ತು.

“ಯಾವತ್ತಾದ್ರೂ ಬೇಕಾದ್ರೆ?” ಎನ್ನುವುದು ಅವನ ವಾದ.

“ಯಾವತ್ತಾದ್ರೂ ಬೇಕಾದ್ರೆ ಬಾಡಿಗೆಗೆ ಸಿಗುತ್ತೆ ಕಣ್ರೀ. ನಿಮಗೆ ದಿನಾ ಬೇಕಾಗೋದು ಒಂದು ಛತ್ರಿ,” ಎಂದಳು ಹೆಂಡತಿ.

ಎಂಟು ತಿಂಗಳಲ್ಲಿ ಗಾಡಿ ಹೊತ್ತದ್ದೂ ಅದೇ ಛತ್ರಿಯನ್ನೇ. ನಿಜವಾದ ಕಾರಣವನ್ನು ಅವನು ಯಾರಿಗೂ ಬಾಯಿಬಿಟ್ಟಿರಲಿಲ್ಲ. ಸ್ಕೂಟರಿನಲ್ಲಿ ಹೋಗುವಾಗ ಊರಿಗೆ ಊರೇ ಹಾರ್ನ್ ಹೊಡೆದು ಅವನನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಪಿಕಪ್ ಹತ್ತಿದ ಮೊದಲ ದಿನವೇ ಎದುರಿನವರು ತಾವಾಗಿ ದಾರಿ ಬಿಟ್ಟರು. ಆ ರುಚಿ ಹತ್ತಿತು ನೋಡಿ, ಆಮೇಲೆ ಯಾರು ಹೇಳಿದರೂ ಕೇಳಲಿಲ್ಲ.

ದಾರಿ ಬಿಡದೇ ಇದ್ದದ್ದು ಅವನ ಮನೆಯ ಓಣಿಯೊಂದೇ. ಓಣಿ ಅವರ ಗೇಟಿಗೇ ಮುಗಿಯುತ್ತದೆ, ಅಷ್ಟುದ್ದದ ಗಾಡಿ ತಿರುಗಿಸಲು ಜಾಗವಿಲ್ಲ. ಬೆಳಿಗ್ಗೆ ರಸ್ತೆಯವರೆಗೂ ಹಿಂದಕ್ಕೇ ಹೋಗಬೇಕು. ಗಾಡಿಯ ಬಲಕ್ಕೆ ಗೋಡೆ, ಎಡಕ್ಕೆ ಚಪ್ಪಡಿ ಮುಚ್ಚಿದ ಚರಂಡಿ. ಹಳೆಯ ಗಾಡಿ, ಹಿಂದೆ ಕ್ಯಾಮೆರಾ ಇಲ್ಲ. ಅದಕ್ಕೇ ಹೆಂಡತಿ ಗಾಡಿಯ ಹಿಂದೆ, ಚರಂಡಿಯ ಬದಿಗೆ ನಿಂತು, ತಾನೂ ಹಿಂದಕ್ಕೆ ಹೆಜ್ಜೆಯಿಡುತ್ತ “ಬನ್ನಿ… ಬನ್ನಿ… ಬನ್ನಿ…” ಎಂದು ದಾರಿ ತೋರಿಸುತ್ತಿದ್ದಳು. ಅವಳದು ಒಂದೇ ಷರತ್ತು: ಗಾಜು ಇಳಿಸಿರಬೇಕು, ರೇಡಿಯೋ ಆರಿಸಿರಬೇಕು.

ಇನ್ನೊಂದು ಸಂಗತಿಯಿದೆ. ಬಲಗಣ್ಣಿಗೆ ಭೂತಗನ್ನಡಿ ಇಟ್ಟು, ಎಡಗಣ್ಣು ಮುಚ್ಚಿ ಮೂವತ್ತು ವರ್ಷ ಕೂತವನು ಅವನು. ಮನಸ್ಸಿಟ್ಟು ಏನು ಮಾಡಿದರೂ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಉಗುರು ಕತ್ತರಿಸುವಾಗ ಅದನ್ನು ನೋಡಿ ಹೆಂಡತಿ ನಗುತ್ತಿದ್ದಳು. ರಿವರ್ಸ್ ಹಾಕಿದಾಗಲೂ ಮುಚ್ಚಿಕೊಳ್ಳುತ್ತದೆಂದು ಹಿಂದೆ ನಿಂತವಳಿಗೆ ಕಾಣುವುದಾದರೂ ಹೇಗೆ? ಅವನಿಗೂ ಅದರ ಅರಿವಿರಲಿಲ್ಲ.

ಕೊನೆಗೊಂದು ದಿನ ಗಾಡಿಗೆ ಭಾರ ಸಿಕ್ಕಿತು. ಗಿರಾಕಿಯೊಬ್ಬರ ಆಳೆತ್ತರದ ಗಡಿಯಾರ ಅಂಗಡಿಯಲ್ಲಿ ಹಿಡಿಸದೆ ಮನೆಯಲ್ಲೇ ರಿಪೇರಿಯಾಗಿತ್ತು. ಅಕ್ಕಪಕ್ಕದವರನ್ನು ಕರೆದು ಅದನ್ನು ಏರಿಸಿ, ಕಂಬಳಿ ಸುತ್ತಿ, ಸೀಟಿನ ಹಿಂದಿನ ಗಾಜಿಗೆ ಒರಗಿಸಿ ಕಟ್ಟಿದ. ಗಾಜು ಪೂರ್ತಿ ಮರೆಯಾಯಿತು.

“ನೋಡಿದ್ಯಾ? ಬೇಕಾಗುತ್ತೆ ಅಂದಿದ್ನೋ ಇಲ್ವೋ?”

“ಆಯ್ತು ಸ್ವಾಮಿ, ನೀವೇ ಗೆದ್ರಿ. ನಿಧಾನ ಬನ್ನಿ.”

ನಿಧಾನವಾಗಿಯೇ ಬಿಟ್ಟ. ಗಡಿಯಾರ ವಾಲಬಾರದು, ಗೋಡೆ ತಾಗಬಾರದು. ಜೀವವನ್ನೆಲ್ಲ ಬಲಗಡೆಯ ಕನ್ನಡಿಯಲ್ಲಿಟ್ಟಿದ್ದ. ಎಡಗಣ್ಣು ಬಿಗಿದು ಮುಚ್ಚಿತ್ತು, ಹೆಂಡತಿ ಕಾಣಬೇಕಾದ ಎಡಗಡೆಯ ಕನ್ನಡಿ ಮೂಗಿನಾಚೆ ಉಳಿದುಹೋಯಿತು. “ಬನ್ನಿ… ಬನ್ನಿ…” ಗೋಡೆಗೆ ನಾಲ್ಕು ಬೆರಳು. “ಬನ್ನಿ… ಬನ್ನಿ…” ಗೋಡೆಗೆ ಎರಡೇ ಬೆರಳು. “ಬನ್ನಿ…”

ದನಿ ನಿಂತಿತು.

‘ಸಾಕು’ ಅನ್ನಲಿಲ್ಲ, ‘ನಿಲ್ಲಿ’ ಅನ್ನಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದಡಿ ಬಿಡುತ್ತಿದ್ದರು. ಆದರೆ ಅವನು ಕಿವಿಯಿಂದ ಬದುಕಿದವನು. ಟಿಕ್ ನಿಂತರೆ ಒಳಗೆ ಏನೋ ಕೆಟ್ಟಿದೆ ಎಂದು ಅವನ ಕಾಲಿಗೂ ಗೊತ್ತಿತ್ತು. ಬ್ರೇಕ್ ತುಳಿದ. ಬೆನ್ನ ಹಿಂದೆ ಗಡಿಯಾರ ಢಣ್ಣೆಂದಿತು.

“ಏನಾಯ್ತೇ? ಮಾತಾಡೇ!”

ಬಾಗಿಲು ತಳ್ಳಿದ, ಗೋಡೆಗೆ ಬಡಿದು ನಿಂತಿತು. ಅಯ್ಯೋ, ಆ ದರಿದ್ರದ ಅಗಲದ ಗಾಡಿ! ಸೀಟಿನ ಮೇಲೆ ತೆವಳಿ ಎಡಬಾಗಿಲಿನಿಂದ ಹೊರಗೆ ಬಿದ್ದ.

ಚಪ್ಪಡಿಯೊಂದು ಒಡೆದು ಹೆಂಡತಿಯ ಒಂದು ಕಾಲು ಮೊಣಕಾಲಿನವರೆಗೆ ಚರಂಡಿಯಲ್ಲಿತ್ತು. ಬಿದ್ದ ಹೊಡೆತಕ್ಕೆ ಉಸಿರು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ಇನ್ನೊಂದು ಕಾಲನ್ನು ಎದೆಗೆ ಎಳೆದುಕೊಂಡಿದ್ದಳು. ಆ ಕಾಲಿನ ಚಪ್ಪಲಿ ಚಕ್ರದಡಿ ಅಪ್ಪಚ್ಚಿಯಾಗಿತ್ತು. ಚಕ್ರಕ್ಕೂ ಅವಳಿಗೂ ನಡುವೆ ಒಂದು ಗೇಣು.

ಅವನು ಅಲ್ಲೇ ಕುಸಿದು ಅವಳ ಕೈ ಹಿಡಿದ. ಎಷ್ಟೋ ಹೊತ್ತಿಗೆ ಅವಳಿಗೆ ಉಸಿರು ಬಂತು. ಗಂಡನ ಮುಖ ನೋಡಿದಳು.

“ರೀ… ಆ ಕಣ್ಣು ಯಾಕೆ ಮುಚ್ಕೊಂಡಿದ್ದೀರಿ?”

ಮುಟ್ಟಿ ನೋಡಿಕೊಂಡ. ಹೌದು, ಇನ್ನೂ ಮುಚ್ಚಿಯೇ ಇತ್ತು. ಎಂಟು ತಿಂಗಳ ಬೆಳಗುಗಳೆಲ್ಲ ಒಟ್ಟಿಗೇ ಅರ್ಥವಾದವು. ಮಗುವಿನ ಹಾಗೆ ಅತ್ತುಬಿಟ್ಟ.

ವಾರದೊಳಗೆ ಗಾಡಿ ಬಣ್ಣದಂಗಡಿಯವನ ಪಾಲಾಯಿತು. ದಿನಾ ಡಬ್ಬ ಹೊರುವವನು, ಅವನಿಗೆ ಬೇಕೇ ಬೇಕು. ಒಯ್ಯಲು ಬಂದವನು ರಿವರ್ಸ್ ಹಾಕಿ, “ಅಕ್ಕಾ, ಸ್ವಲ್ಪ ಹಿಂದೆ ನೋಡ್ತೀರಾ?” ಎಂದ ಅಭ್ಯಾಸಬಲದಿಂದ. ಅಕ್ಕ ಕಾಲಿಗೆ ಪಟ್ಟಿ ಸುತ್ತಿಕೊಂಡು ಗೇಟಿನೊಳಗೆ ಕುರ್ಚಿಯಲ್ಲಿ ಕೂತಿದ್ದಳು.

“ನಾನು ನೋಡ್ತೀನಿ,” ಎಂದು ವಾಚಿನವನು ಹಿಂದೆ ಹೋಗಿ ನಿಂತ.

ಗಾಡಿ ಕದಲಿತು. ಎದೆಮಟ್ಟದ ಕಬ್ಬಿಣದ ಹಲಗೆ ಓಣಿ ತುಂಬಿಕೊಂಡು ಅವನ ಮೇಲೇ ಬರತೊಡಗಿತು. ಓಡಿಸುವವನ ಮುಖ ಕಾಣದು, ತಾನು ಅವನಿಗೆ ಕಾಣುತ್ತಿದ್ದೇನೆಯೇ ಎಂಬುದೂ ತಿಳಿಯದು. ಕಾಲಡಿಯ ಚಪ್ಪಡಿ ಲಟಕ್ಕೆಂದಿತು. “ಬನ್ನಿ,” ಎನ್ನಲು ಹೋದ, ದನಿ ಹೊರಡಲಿಲ್ಲ. ಅವಳು ದಿನಾ ಇಲ್ಲೇ ನಿಂತಿದ್ದಳಲ್ಲ!

ಗೇಟಿನಿಂದ, ಗಾಡಿಯ ಮುಂದಿನ ಗಾಜಿನೊಳಗೆ ನೋಡುತ್ತ, ಹೆಂಡತಿ ಕೂಗಿದಳು: “ಹೆದರ್ಕೋಬೇಡಿ ರೀ, ಇವ್ರು ಎರಡೂ ಕಣ್ಣು ಬಿಟ್ಕೊಂಡಿದ್ದಾರೆ!”